ಶ್ರವಣಬೆಳಗೊಳ: ಚಿಕ್ಕಬೆಟ್ಟದಿಂದ ಊರೊಳಗಿನ ಬಸದಿಗಳವರೆಗೆ ಒಂದು ದಿನದ ಕಾಲ್ನಡಿಗೆ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋಗದ ಜೈನ ಕುಟುಂಬ ನಮ್ಮ ರಾಜ್ಯದಲ್ಲಿ ಅಪರೂಪ. ಆದರೆ ಹೆಚ್ಚಿನ ಕುಟುಂಬಗಳ ಯಾತ್ರೆ ಒಂದೇ ಬಗೆಯಲ್ಲಿ ಮುಗಿಯುತ್ತದೆ. ಬೆಳಿಗ್ಗೆ ದೊಡ್ಡಬೆಟ್ಟ ಹತ್ತುತ್ತಾರೆ, ಬಾಹುಬಲಿ ಸ್ವಾಮಿಯ ದರ್ಶನ ಮಾಡುತ್ತಾರೆ, ಇಳಿದು ಊಟ ಮುಗಿಸಿ ಮುಂದಿನ ಕ್ಷೇತ್ರಕ್ಕೆ ಹೊರಡುತ್ತಾರೆ. ಎದುರಿಗಿರುವ ಚಿಕ್ಕಬೆಟ್ಟಕ್ಕೂ, ಎರಡು ಬೆಟ್ಟಗಳ ನಡುವಿನ ಊರಿನ ಬೀದಿಗಳಿಗೂ ಸಮಯ ಉಳಿಯುವುದಿಲ್ಲ.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 2ನೇ ಸಂಪುಟದಲ್ಲಿ ಈ ಕ್ಷೇತ್ರದ 573 ಶಾಸನಗಳಿವೆ. ಅವುಗಳಲ್ಲಿ 271 ಚಿಕ್ಕಬೆಟ್ಟದವು, 172 ದೊಡ್ಡಬೆಟ್ಟದವು, 80 ಊರಿನೊಳಗಿನವು, 50 ಸುತ್ತಲಿನ ಹಳ್ಳಿಗಳವು. ಅಂದರೆ ಕ್ಷೇತ್ರದ ಚರಿತ್ರೆಯ ಅರ್ಧಕ್ಕಿಂತ ಹೆಚ್ಚು ಭಾಗ ನಾವು ಹತ್ತದೆ ಬಿಡುವ ಬೆಟ್ಟದಲ್ಲೂ, ನೋಡದೆ ದಾಟುವ ಬೀದಿಗಳಲ್ಲೂ ಇದೆ.

ಈ ಲೇಖನ ಆ ಭಾಗಕ್ಕೆ ಮಾರ್ಗದರ್ಶಿ. ಒಂದು ದಿನದಲ್ಲಿ, ಮಕ್ಕಳನ್ನೂ ಹಿರಿಯರನ್ನೂ ಜೊತೆಗಿಟ್ಟುಕೊಂಡು ನಿಧಾನವಾಗಿ ನಡೆಯಬಹುದಾದಂತೆ ಕ್ರಮವನ್ನು ಹಾಕಿದೆ. ಪ್ರತಿ ಬಸದಿಯ ಮುಂದೆ ನಿಂತಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದನ್ನು ಕಟ್ಟಿಸಿದವರು ಯಾರು? ಯಾರಿಗಾಗಿ ಕಟ್ಟಿಸಿದರು? ಮುಂದಿನ ಪೂಜೆ ಮತ್ತು ದುರಸ್ತಿಗೆ ಏನು ಬಿಟ್ಟುಹೋದರು? ಬೆಳಗೊಳದಲ್ಲಿ ಈ ಮೂರಕ್ಕೂ ಹಲವು ಕಡೆ ಕಲ್ಲಿನಲ್ಲೇ ಉತ್ತರವಿದೆ.

ನಡಿಗೆಯ ಕ್ರಮ

ಬೆಳಿಗ್ಗೆ ಚಿಕ್ಕಬೆಟ್ಟ, ಬಿಸಿಲೇರಿದ ಮೇಲೆ ಊರಿನ ಬಸದಿಗಳು, ಸಂಜೆಯ ಹೊತ್ತಿಗೆ ಜೈನ ಮಠ ಮತ್ತು ಕಲ್ಯಾಣಿ. ಇದಕ್ಕೆ ಎರಡು ಕಾರಣಗಳಿವೆ. ಬೆಟ್ಟದ ಮೇಲೆ ಬರಿಗಾಲಿನಲ್ಲಿ ನಡೆಯಬೇಕಾದ್ದರಿಂದ ಬಂಡೆ ಕಾಯುವ ಮೊದಲೇ ಹತ್ತಿ ಇಳಿಯುವುದು ಒಳ್ಳೆಯದು. ಎರಡನೆಯದಾಗಿ, ಈ ಕ್ರಮದಲ್ಲಿ ನಡೆದರೆ ಕಾಲವೂ ಸರಿಸುಮಾರು ಜೋಡಣೆಯಾಗುತ್ತದೆ. ಬೆಟ್ಟದಲ್ಲಿ ಕ್ರಿ.ಶ. 600ರ ಸುಮಾರಿನ ಬರಹದಿಂದ ಹೊರಟು 12ನೇ ಶತಮಾನದ ಬಸದಿಗಳಿಗೆ ಬರುತ್ತೇವೆ. ಊರೊಳಗೆ 12ರಿಂದ 15ನೇ ಶತಮಾನದವರೆಗಿನ ಕಟ್ಟಡ, ಶಾಸನಗಳು ಸಿಗುತ್ತವೆ. ಮಠದ ಗೋಡೆಗಳಲ್ಲಿ ಮೈಸೂರು ಒಡೆಯರ ಕಾಲದ ಚಿತ್ರಗಳಿವೆ.

ದೊಡ್ಡಬೆಟ್ಟವನ್ನು ಹಿಂದಿನ ದಿನ ಸಂಜೆ ಅಥವಾ ಮರುದಿನ ಬೆಳಿಗ್ಗೆ ಇಟ್ಟುಕೊಳ್ಳಿ. ಎರಡು ಬೆಟ್ಟ ಮತ್ತು ಊರನ್ನು ಒಂದೇ ದಿನಕ್ಕೆ ತುರುಕಿದರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

1. ಚಿಕ್ಕಬೆಟ್ಟ: ಮುನಿಗಳ ಬೆಟ್ಟ

ಚಿಕ್ಕಬೆಟ್ಟಕ್ಕೆ ಚಂದ್ರಗಿರಿ ಎಂದೂ ಹೆಸರು. ಹಳೆಯ ಶಾಸನಗಳಲ್ಲಿ ಇದು ಕಟವಪ್ರ, ಕಳ್ಬಪ್ಪು. ಸುತ್ತಲಿನ ನೆಲದಿಂದ ಇದರ ಎತ್ತರ ಸುಮಾರು 175 ಅಡಿ ಮಾತ್ರ. ದೊಡ್ಡಬೆಟ್ಟ ಸುಮಾರು 470 ಅಡಿ. ಹಾಗಾಗಿ ದೊಡ್ಡಬೆಟ್ಟ ಹತ್ತಲಾಗದ ಹಿರಿಯರಲ್ಲಿ ಹಲವರಿಗೆ ಚಿಕ್ಕಬೆಟ್ಟ ಸಾಧ್ಯವಾಗುತ್ತದೆ.

ಮೇಲೆ ಪ್ರಾಕಾರದೊಳಗೆ ಪಾರ್ಶ್ವನಾಥ ಬಸದಿಯ ಬಳಿ ಬಂಡೆಯಲ್ಲಿ ಕೊರೆದಿರುವ ಶಾಸನವೇ ಕ್ಷೇತ್ರದ ಅತ್ಯಂತ ಹಳೆಯ ಬರಹ. ಕಾಲ ಕ್ರಿ.ಶ. ಸುಮಾರು 600. ಭಾಷೆ ಸಂಸ್ಕೃತ, ಲಿಪಿ ಹಳೆಯ ಕನ್ನಡ. ಉಜ್ಜಯಿನಿಯಲ್ಲಿ ಭದ್ರಬಾಹು ಸ್ವಾಮಿಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಚಿತವಾಗಿ ತಿಳಿಸಿದ್ದು, ಸಂಘವು ಉತ್ತರದಿಂದ ದಕ್ಷಿಣಕ್ಕೆ ಬಂದದ್ದು, ಪ್ರಭಾಚಂದ್ರ ಎಂಬ ಆಚಾರ್ಯರು ಕಟವಪ್ರದಲ್ಲಿ ಸಮಾಧಿ ಹೊಂದಿದ್ದು, ಕಾಲಕ್ರಮದಲ್ಲಿ ಏಳುನೂರು ಋಷಿಗಳು ಇಲ್ಲಿ ಅದೇ ದಾರಿಯಲ್ಲಿ ಸಾಗಿದ್ದು ಇದರ ಸಾರ. ಪ್ರಭಾಚಂದ್ರರೇ ಮೌರ್ಯ ಚಂದ್ರಗುಪ್ತ ಎಂಬುದು ನಮ್ಮ ಪರಂಪರೆ. ಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರೂ ಆ ಪರಂಪರೆಯಿಂದಲೇ ಬಂದಿದೆ.

ಅದರ ಸುತ್ತಲಿನ ಬಂಡೆಗಳಲ್ಲಿ 7 ಮತ್ತು 8ನೇ ಶತಮಾನದ ಚಿಕ್ಕ ಚಿಕ್ಕ ಬರಹಗಳಿವೆ. ಸಲ್ಲೇಖನ ವ್ರತದಿಂದ ದೇಹ ತ್ಯಜಿಸಿದ ಮುನಿಗಳ ಮತ್ತು ಆರ್ಯಿಕೆಯರ ನೆನಪಿನವು ಅವು. ಆರ್ಯಿಕೆಯರನ್ನು ಶಾಸನಗಳು ಕಂತಿಯರು ಎಂದು ಕರೆಯುತ್ತವೆ. ಇಹದ ಭೋಗ ಕ್ಷಣಿಕವೆಂದು ಕಂಡು ಸಲ್ಲೇಖನ ಕೈಗೊಂಡ ನಂದಿಸೇನ ಮುನಿಗಳ ಶಾಸನವನ್ನು ಕನ್ನಡದ ಮೊದಲ ಒಳ್ಳೆಯ ಪದ್ಯಗಳಲ್ಲಿ ಒಂದೆಂದು ಸಾಹಿತ್ಯ ಚರಿತ್ರೆಕಾರರು ಎಣಿಸುತ್ತಾರೆ. ಕನ್ನಡ ಕಾವ್ಯದ ಆರಂಭವನ್ನು ಓದುವ ವಿದ್ಯಾರ್ಥಿಗಳು ಮನೆಯಲ್ಲಿದ್ದರೆ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸಿ.

ಈ ಬರಹಗಳ ಸುತ್ತ ನಡೆಯುವಾಗ ಕಾಲಿನ ಕೆಳಗೆ ಗಮನವಿರಲಿ. ಎಷ್ಟೋ ಬರಹಗಳು ನೆಲದ ಬಂಡೆಯಲ್ಲೇ ಇವೆ. ಬೇಲಿಯಿರುವಲ್ಲಿ ಒಳಗೆ ಕಾಲಿಡಬೇಡಿ. ಬೇಲಿಯಿಲ್ಲದಲ್ಲಿ ಅಕ್ಷರಗಳನ್ನು ಬಳಸಿಕೊಂಡು ನಡೆಯಿರಿ. ಸಾವಿರದ ಮುನ್ನೂರು ವರ್ಷ ಮಳೆ ಬಿಸಿಲು ತಡೆದ ಅಕ್ಷರವನ್ನು ಪಾದಗಳು ಅದಕ್ಕಿಂತ ಬೇಗ ಸವೆಸುತ್ತವೆ.

ಅರಸರೂ ಕೊನೆಗಾಲಕ್ಕೆ ಈ ಧರ್ಮದ ದಾರಿಯನ್ನೇ ಹಿಡಿದದ್ದಕ್ಕೆ ಇಲ್ಲಿ ಎರಡು ಸಾಕ್ಷಿಗಳಿವೆ. ಪ್ರಾಕಾರದ ದಕ್ಷಿಣ ಬಾಗಿಲಿನ ಬಳಿಯ ಕೂಗೆ ಬ್ರಹ್ಮದೇವ ಕಂಬದಲ್ಲಿ 974ರಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ ಗಂಗ ದೊರೆ ಮಾರಸಿಂಹನ ಶಾಸನವಿದೆ. ಅವನು ವ್ರತ ಕೈಗೊಂಡದ್ದು ಬಂಕಾಪುರದಲ್ಲಿ, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ. ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ಕನೆಯ ಇಂದ್ರ 982ರಲ್ಲಿ ಬೆಳಗೊಳದಲ್ಲೇ ಸಲ್ಲೇಖನ ಕೈಗೊಂಡ.

2. ಗಂಗರಾಜನ ಮನೆಯವರ ಬಸದಿಗಳು

ಪ್ರಾಕಾರದೊಳಗಿನ ಬಸದಿಗಳಲ್ಲಿ ಮೂರನ್ನು ಒಟ್ಟಿಗೆ ನೋಡಬೇಕು: ಕತ್ತಲೆ ಬಸದಿ, ಎರಡುಕಟ್ಟೆ ಬಸದಿ ಮತ್ತು ಶಾಸನ ಬಸದಿ. ಇವು ಒಂದೇ ಮನೆಯವರ ಕೆಲಸ.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಅವನ ತಾಯಿ ಪೋಚವ್ವೆ, ಹೆಂಡತಿ ಲಕ್ಷ್ಮೀದೇವಿ. ಕತ್ತಲೆ ಬಸದಿಯನ್ನು ಗಂಗರಾಜ ತಾಯಿಗಾಗಿ 1118ರ ಸುಮಾರಿಗೆ ಕಟ್ಟಿಸಿದ. ಒಳಗೆ ಬೆಳಕು ಬರಲು ಕಿಟಕಿಗಳಿಲ್ಲದ್ದರಿಂದ ಜನರು ಇಟ್ಟ ಹೆಸರು ಕತ್ತಲೆ ಬಸದಿ. ಎರಡು ಕಡೆಯಿಂದ ಮೆಟ್ಟಿಲುಗಳಿರುವ ಎರಡುಕಟ್ಟೆ ಬಸದಿ ಲಕ್ಷ್ಮೀದೇವಿ ಕಟ್ಟಿಸಿದ್ದು. ಬಾಗಿಲಲ್ಲೇ ದೊಡ್ಡ ಶಾಸನವಿರುವುದರಿಂದ ಮೂರನೆಯದಕ್ಕೆ ಶಾಸನ ಬಸದಿ ಎಂದು ಹೆಸರು ಬಂತು. ಗಂಗರಾಜ ಕಟ್ಟಿಸಿದ ಇದರ ಮೂಲ ಹೆಸರು ಇಂದ್ರಕುಲಗೃಹ. ಮೂರರಲ್ಲೂ ಮೂಲನಾಯಕರು ಆದಿನಾಥ ಸ್ವಾಮಿ.

ಬಾಗಿಲ ಆ ಶಾಸನದ ವಿಷಯವನ್ನು ಮಕ್ಕಳಿಗೆ ಹೇಳಿ. ಯುದ್ಧದಲ್ಲಿ ಗೆದ್ದು ಬಂದ ಗಂಗರಾಜನಿಗೆ ವಿಷ್ಣುವರ್ಧನ ಬೇಕಾದ್ದನ್ನು ಕೇಳೆಂದ. ಗಂಗರಾಜ ಪರಮ ಎಂಬ ಗ್ರಾಮವನ್ನು ಪಡೆದು, ತಾಯಿ ಮತ್ತು ಹೆಂಡತಿ ಕಟ್ಟಿಸಿದ ಬಸದಿಗಳಿಗೆ ಅದನ್ನು ಬಿಟ್ಟುಕೊಟ್ಟ. ತನ್ನ ಗೆಲುವಿನ ಬಹುಮಾನವನ್ನು ಮನೆಯ ಹೆಂಗಸರ ಧರ್ಮಕಾರ್ಯ ನಿಲ್ಲದೆ ನಡೆಯಲೆಂದು ಕೊಟ್ಟ ದಾನ ಅದು. ಮುಂದೆ ಪೋಚವ್ವೆಯೂ ಲಕ್ಷ್ಮೀದೇವಿಯೂ ಸಲ್ಲೇಖನದಿಂದ ದೇಹ ಬಿಟ್ಟರು. ಇಬ್ಬರ ನೆನಪಿನ ಶಾಸನಗಳನ್ನೂ ಗಂಗರಾಜ ಈ ಬೆಟ್ಟದಲ್ಲೇ ಹಾಕಿಸಿದ.

3. ಸವತಿಗಂಧವಾರಣ ಬಸದಿ ಮತ್ತು ತೇರಿನ ಬಸದಿ

ವಿಷ್ಣುವರ್ಧನನ ಪಟ್ಟದರಾಣಿ ಶಾಂತಲಾದೇವಿ 1123ರಲ್ಲಿ ಕಟ್ಟಿಸಿದ ಬಸದಿ ಸವತಿಗಂಧವಾರಣ. ಸವತಿಯರಿಗೆ ಮದ್ದಾನೆಯಂತಿದ್ದವಳು ಎಂಬುದು ರಾಣಿಯ ಬಿರುದು. ಅದೇ ಬಸದಿಯ ಹೆಸರಾಯಿತು. ಮೂಲನಾಯಕರು ಶಾಂತಿನಾಥ ಸ್ವಾಮಿ. ಬಸದಿಯ ಪೂಜೆಗೆ ಮತ್ತು ಮುನಿಗಳ ಆಹಾರದಾನಕ್ಕೆ ಮೊಟ್ಟೆನವಿಲೆ ಗ್ರಾಮವನ್ನು ಬಿಡಲಾಯಿತು.

ಶಾಂತಲೆಯ ಹೆಸರನ್ನು ಬೇಲೂರಿನ ಶಿಲ್ಪಗಳೊಂದಿಗೆ ಕೇಳುವ ಮಕ್ಕಳಿಗೆ ಆಕೆ ಜೈನ ಶ್ರಾವಿಕೆ ಎಂಬುದು ಹೊಸ ವಿಷಯವಾಗಬಹುದು. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದ ಮೇಲೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳ ಉಪವಾಸದಿಂದ ಸಲ್ಲೇಖನ ಪೂರೈಸಿದಳೆಂದು ಇಲ್ಲಿಯ ಶಾಸನ ತಿಳಿಸುತ್ತದೆ.

ಮುಂದಿನದು ತೇರಿನ ಬಸದಿ. ಎದುರಿಗೆ ತೇರಿನ ಆಕಾರದ ಕಲ್ಲಿನ ಕಟ್ಟಡವಿದ್ದು ಅದರ ಸುತ್ತ 52 ಜಿನಬಿಂಬಗಳನ್ನು ಕಡೆದಿದ್ದಾರೆ. ಗರ್ಭಗೃಹದಲ್ಲಿ ಬಾಹುಬಲಿ ಸ್ವಾಮಿ. ಇದನ್ನು ಕಟ್ಟಿಸಿದವರು ಮಾಚಿಕಬ್ಬೆ ಮತ್ತು ಶಾಂತಿಕಬ್ಬೆ ಎಂಬ ಇಬ್ಬರು ತಾಯಂದಿರು, 1117ರಲ್ಲಿ. ಈ ಮಾಚಿಕಬ್ಬೆ ಶಾಂತಲೆಯ ತಾಯಿಯಲ್ಲ. ಹೆಸರು ಮಾತ್ರ ಒಂದೇ. ಇವರ ಮಕ್ಕಳು ಪೊಯ್ಸಳ ಸೆಟ್ಟಿ ಮತ್ತು ನೇಮಿ ಸೆಟ್ಟಿ, ಹೊಯ್ಸಳ ಅರಮನೆಯ ವರ್ತಕರು. ರಾಣಿಯ ಬಸದಿಯೂ ವರ್ತಕರ ತಾಯಂದಿರ ಬಸದಿಯೂ ಒಂದೇ ಪ್ರಾಕಾರದಲ್ಲಿ, ಆರು ವರ್ಷಗಳ ಅಂತರದಲ್ಲಿ ಎದ್ದವು ಎಂಬುದನ್ನು ಗಮನಿಸಿ.

4. ಚಾವುಂಡರಾಯ ಬಸದಿ, ಚಂದ್ರಗುಪ್ತ ಬಸದಿ

ದೊಡ್ಡಬೆಟ್ಟದ ಬಾಹುಬಲಿ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಹೆಸರಿನ ಬಸದಿ ಚಿಕ್ಕಬೆಟ್ಟದ ದೊಡ್ಡ ಮತ್ತು ಸುಂದರ ಬಸದಿಗಳಲ್ಲಿ ಒಂದು. ಮೇಲಂತಸ್ತನ್ನು ಅವನ ಮಗ ಜಿನದೇವ 995ರ ಸುಮಾರಿಗೆ ಸೇರಿಸಿದ. ಈಗಿರುವ ನೇಮಿನಾಥ ಸ್ವಾಮಿಯ ಬಿಂಬ ಗಂಗರಾಜನ ಮಗ ಏಚಣನು ಬೇರೊಂದು ಬಸದಿಗಾಗಿ ಮಾಡಿಸಿದ್ದು. ತಂದೆ ಆರಂಭಿಸಿದ್ದನ್ನು ಮಗ ಮುಂದುವರಿಸುವುದು, ಒಂದು ಬಸದಿಯ ಬಿಂಬಕ್ಕೆ ಇನ್ನೊಂದು ಬಸದಿ ಆಶ್ರಯ ಕೊಡುವುದು ಇಲ್ಲಿ ಹೊಸದಲ್ಲ.

ಪಕ್ಕದ ಚಂದ್ರಗುಪ್ತ ಬಸದಿ ಬೆಟ್ಟದ ಬಸದಿಗಳಲ್ಲೇ ಚಿಕ್ಕದು. ಮುಂಭಾಗದ ಎರಡು ಕಲ್ಲಿನ ಜಾಲಂಧ್ರಗಳಲ್ಲಿ 90 ಚಿಕ್ಕ ಚಿತ್ರಪಟ್ಟಿಗಳಿವೆ. ಭದ್ರಬಾಹು ಸ್ವಾಮಿಗಳು ಮತ್ತು ಚಂದ್ರಗುಪ್ತನ ಕಥೆಯನ್ನು ಅವುಗಳಲ್ಲಿ ಕಡೆದಿದ್ದಾರೆ. ಕಡೆದ ಶಿಲ್ಪಿ ದಾಸೋಜ ತನ್ನ ಹೆಸರನ್ನೂ ಬರೆದಿದ್ದಾನೆ. ಕೆಲಸ 12ನೇ ಶತಮಾನದ್ದು. ಮಕ್ಕಳಿಗೆ ಇದು ಕಲ್ಲಿನ ಚಿತ್ರಕಥೆ. ಕಥೆಯನ್ನು ಮನೆಯಲ್ಲೇ ಒಮ್ಮೆ ಹೇಳಿ ಕರೆತಂದರೆ ತಾವೇ ಹುಡುಕಿ ಗುರುತಿಸುತ್ತಾರೆ.

5. ಲಕ್ಕಿದೊಣೆ: ಯಾತ್ರಿಕರ ಹೆಸರುಗಳು

ಪ್ರಾಕಾರದ ಹೊರಗೆ ಬಂಡೆಯ ನಡುವಿನ ನೀರಿನ ದೊಣೆಗೆ ಲಕ್ಕಿದೊಣೆ ಎಂದು ಹೆಸರು. ಲಕ್ಕಿ ಎಂಬ ಮಹಿಳೆ ಮಾಡಿಸಿದ್ದರಿಂದ ಈ ಹೆಸರು ಬಂತು. ಅವಳು ಯಾರ ಮಗಳು, ಯಾರ ಹೆಂಡತಿ ಎಂಬ ವಿವರ ಹೆಸರಿನ ಜೊತೆಗೆ ಉಳಿದುಬಂದಿಲ್ಲ. ಬೆಟ್ಟಕ್ಕೆ ಬಂದವರಿಗೆ ನೀರಿನ ದಾರಿ ಮಾಡಿದ ಹೆಸರು ಮಾತ್ರ ಉಳಿದಿದೆ.

ದೊಣೆಯ ಪಶ್ಚಿಮದ ಬಂಡೆಯಲ್ಲಿ ಸುಮಾರು ಮೂವತ್ತು ಬರಹಗಳಿವೆ. ಹೆಚ್ಚಿನವು 9 ಮತ್ತು 10ನೇ ಶತಮಾನದ ಯಾತ್ರಿಕರ ಹೆಸರುಗಳು. ಮುನಿಗಳು, ಕವಿಗಳು, ಅಧಿಕಾರಿಗಳು ಇವರಲ್ಲಿದ್ದಾರೆ. ಚಿಕ್ಕಬೆಟ್ಟದಲ್ಲೇ ಕವಿರತ್ನ ಎಂಬ ಹೆಸರು ಬಂಡೆಯಲ್ಲಿದ್ದು, ಅದು ಮುಧೋಳದ ರನ್ನ ಕವಿಯದೆಂಬುದು ವಿದ್ವಾಂಸರ ಅಭಿಪ್ರಾಯ.

ಹಾಗಾದರೆ ನಾವೂ ಹೆಸರು ಕೆತ್ತಬಹುದಲ್ಲ ಎಂದು ಮಕ್ಕಳು ಕೇಳಬಹುದು. ಆಗ ಸರಿಯಾಗಿ ತಿಳಿಸಿ. ಅಂದು ಈ ಬಂಡೆಯೇ ಯಾತ್ರಿಕರ ಪುಸ್ತಕವಾಗಿತ್ತು; ಇಂದು ಆ ಪುಸ್ತಕ ರಾಷ್ಟ್ರದ ಆಸ್ತಿ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವರಿಗೆ, 2010ರ ತಿದ್ದುಪಡಿಯ ನಂತರ, 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ನಮ್ಮ ಹೆಸರನ್ನು ಮೇಲೆ ಗೀಚಿದರೆ ಕೆಳಗಿನ ಶ್ರಾವಕರ ಹೆಸರು ಅಳಿಯುತ್ತದೆ ಎಂಬ ಒಂದು ಮಾತು ಮಕ್ಕಳಿಗೆ ಕಾಯಿದೆಗಿಂತ ಬೇಗ ಅರ್ಥವಾಗುತ್ತದೆ.

ಇಳಿಯುವ ಮೊದಲು ಭದ್ರಬಾಹು ಗುಹೆಯಲ್ಲಿ ಪಾದಗಳಿಗೆ ನಮಸ್ಕರಿಸಿ, ನಿಧಾನವಾಗಿ ಊರಿಗೆ ಬನ್ನಿ.

6. ಅಕ್ಕನ ಬಸದಿ ಮತ್ತು ಅದರ ನೆರೆಯವು

ಊರಿನ ಬಸದಿಗಳು ಮನೆಗಳ ನಡುವೆ, ಗಲ್ಲಿಗಳ ಒಳಗೆ ಇವೆ. ಬೀದಿಯಲ್ಲಿ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಬಾಗಿಲು ಹಾಕಿದ್ದರೆ ಪುರೋಹಿತರನ್ನು ವಿಚಾರಿಸಿ.

ಅಕ್ಕನ ಬಸದಿ 1181ರದ್ದು. ಊರೊಳಗೆ ಪೂರ್ತಿ ಹೊಯ್ಸಳ ಶೈಲಿಯಲ್ಲಿ ಕಟ್ಟಿದ ಬಸದಿ ಇದೊಂದೇ. ಕಟ್ಟಿಸಿದವಳು ಆಚಿಯಕ್ಕ, ಅಂದರೆ ಆಚಲದೇವಿ; ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ. ಚಂದ್ರಮೌಳಿ ಶೈವ ಬ್ರಾಹ್ಮಣ, ಆಚಲದೇವಿ ಜೈನ ಶ್ರಾವಿಕೆ. ಗಂಡನ ಕೋರಿಕೆಯ ಮೇರೆಗೆ ಬಲ್ಲಾಳ ದೊರೆ ಬೊಮ್ಮೆಯನಹಳ್ಳಿಯನ್ನು ಈ ಬಸದಿಗೆ ದತ್ತಿ ಕೊಟ್ಟ. ಮನೆಯೊಳಗೆ ಎರಡು ಧರ್ಮಗಳಿದ್ದರೂ ಒಬ್ಬರ ಧರ್ಮಕಾರ್ಯಕ್ಕೆ ಇನ್ನೊಬ್ಬರು ನಿಂತದ್ದಕ್ಕೆ ಈ ಕಟ್ಟಡ ಸಾಕ್ಷಿ.

ಗರ್ಭಗೃಹದಲ್ಲಿ ಏಳು ಹೆಡೆಯ ಸರ್ಪದ ನೆರಳಿನಲ್ಲಿ ಸುಮಾರು ಐದು ಅಡಿಯ ಪಾರ್ಶ್ವನಾಥ ಸ್ವಾಮಿ ಇದ್ದಾರೆ. ಸುಕನಾಸಿಯಲ್ಲಿ ಧರಣೇಂದ್ರ ಯಕ್ಷ ಮತ್ತು ಪದ್ಮಾವತಿ ಯಕ್ಷಿ ಎದುರುಬದುರಾಗಿ ಕುಳಿತಿದ್ದಾರೆ. ನವರಂಗದ ನುಣುಪಾದ ಕಂಬಗಳು ಇಂದಿಗೂ ಕನ್ನಡಿಯಂತೆ ಹೊಳೆಯುತ್ತವೆ.

ಇದೇ ಆವರಣಕ್ಕೆ ಸೇರಿದಂತೆ ಸಿದ್ಧಾಂತ ಬಸದಿಯಿದೆ. ಜೈನ ಸಿದ್ಧಾಂತ ಗ್ರಂಥಗಳನ್ನು ಇಲ್ಲಿಯ ಕತ್ತಲೆ ಕೋಣೆಯೊಂದರಲ್ಲಿ ಕಾಪಾಡಿದ್ದರಿಂದ ಈ ಹೆಸರು. ಧವಲ, ಜಯಧವಲ ಮುಂತಾದ ಗ್ರಂಥಗಳು ಇಲ್ಲಿಂದಲೇ ಮೂಡಬಿದಿರೆಗೆ ಹೋದವೆಂಬುದು ಪರಂಪರೆಯ ಮಾತು. ಅಕ್ಕನ ಬಸದಿಯ ಬಾಗಿಲಿನ ಬಳಿ ಪಂಚಪರಮೇಷ್ಠಿಗಳ ಬಿಂಬವಿರುವ ದಾನಶಾಲೆ ಬಸದಿಯಿದೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಪಾಠಶಾಲೆಯಲ್ಲಿ ಕಲಿತ ಮಕ್ಕಳಿಗೆ ಶಾಸ್ತ್ರ ಕಾಪಾಡಿದ ಕೋಣೆ, ದಾನದ ಹೆಸರಿನ ಬಸದಿ ಎರಡನ್ನೂ ಹತ್ತಿರ ಹತ್ತಿರದಲ್ಲೇ ತೋರಿಸಬಹುದು.

7. ನಗರ ಜಿನಾಲಯ: ವರ್ತಕರ ಬಸದಿ

ಬೆಳಗೊಳ ಇಂದು ಚಿಕ್ಕ ಪಟ್ಟಣ. ಹೊಯ್ಸಳರ ಕಾಲದಲ್ಲಿ ವರ್ತಕರ ಸಂಘವಿದ್ದ ವ್ಯಾಪಾರದ ಊರು. ನಗರ ಜಿನಾಲಯ ಎಂಬ ಹೆಸರಿನಲ್ಲಿ ಅದು ಉಳಿದಿದೆ. ಇಲ್ಲಿ ನಗರ ಎಂದರೆ ವರ್ತಕ ಸಮೂಹ. ಇಮ್ಮಡಿ ಬಲ್ಲಾಳನ ಪಟ್ಟಣಸ್ವಾಮಿ ನಾಗದೇವ 1195ರಲ್ಲಿ ಇದನ್ನು ಕಟ್ಟಿಸಿದ. ನೋಡಿಕೊಳ್ಳುವ ಹೊಣೆ ಊರಿನ ವರ್ತಕರದ್ದಾಯಿತು. ಇದಕ್ಕೆ ಶ್ರೀನಿಲಯ ಎಂಬ ಹೆಸರೂ ಇದೆ. ಮೂಲನಾಯಕರು ಆದಿನಾಥ ಸ್ವಾಮಿ.

ನಾಗದೇವ ನಯಕೀರ್ತಿ ಸಿದ್ಧಾಂತಚಕ್ರವರ್ತಿಗಳ ಶಿಷ್ಯ. ಗುರುಗಳು 1176ರಲ್ಲಿ ಸಮಾಧಿ ಹೊಂದಿದಾಗ ಅವರ ನೆನಪಿಗೆ ಚಿಕ್ಕಬೆಟ್ಟದಲ್ಲಿ ಶಾಸನ ನಿಲ್ಲಿಸಿದವನೂ ಇವನೇ. ಕತ್ತಲೆ ಬಸದಿಯ ದಕ್ಷಿಣಕ್ಕಿರುವ ಮಹಾನವಮಿ ಮಂಟಪದಲ್ಲಿ ಅದು ಇದೆ; ಬೆಳಿಗ್ಗೆ ಮೇಲೆ ಇದ್ದಾಗಲೇ ಗುರುತಿಟ್ಟುಕೊಂಡು ಬನ್ನಿ.

ಕಟ್ಟಡ ಸರಳವಾದದ್ದು. ಅಕ್ಕನ ಬಸದಿಯಿಂದ ಬಂದವರಿಗೆ ನೋಡಲು ಹೆಚ್ಚೇನೂ ಇಲ್ಲ ಎನಿಸಬಹುದು. ಆದರೆ ಒಬ್ಬ ದಾನಿಯ ನಂತರ ಬಸದಿ ಹೇಗೆ ಉಳಿಯಬೇಕು ಎಂಬ ಪ್ರಶ್ನೆಗೆ ಇಲ್ಲಿ ಸಿಗುವ ಉತ್ತರ ಮುಖ್ಯ: ಇಡೀ ಸಮುದಾಯಕ್ಕೆ ಹೊಣೆ ಒಪ್ಪಿಸುವುದು.

8. ಭಂಡಾರಿ ಬಸದಿ ಮತ್ತು 1368ರ ಶಾಸನ

ಊರಿನ ಬಸದಿಗಳಲ್ಲಿ ದೊಡ್ಡದು ಭಂಡಾರಿ ಬಸದಿ. ಉದ್ದ 266 ಅಡಿ, ಅಗಲ 78 ಅಡಿ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿ, ಅಂದರೆ ಖಜಾನೆಯ ಅಧಿಕಾರಿ, ಹುಳ್ಳ ಇದನ್ನು 1159ರಲ್ಲಿ ಕಟ್ಟಿಸಿದ. ಗರ್ಭಗೃಹದಲ್ಲಿ ಒಂದೇ ಸಾಲಿನಲ್ಲಿ 24 ತೀರ್ಥಂಕರರ ಬಿಂಬಗಳು, ಪ್ರತಿಯೊಂದೂ ಸುಮಾರು ಮೂರು ಅಡಿ. ಚತುರ್ವಿಂಶತಿ ತೀರ್ಥಂಕರ ಬಸದಿ ಎಂಬ ಹೆಸರು ಹೀಗೆ ಬಂತು. ನವರಂಗದ ಬಾಗಿಲವಾಡದ ಮೇಲೆ ನಾಟ್ಯವಾಡುವ ಇಂದ್ರನ ಸೂಕ್ಷ್ಮ ಕೆತ್ತನೆಯಿದೆ. ಎದುರಿಗೆ ಮಾನಸ್ತಂಭ ನಿಂತಿದೆ.

ದಂಡಯಾತ್ರೆಗೆ ಹೊರಟಿದ್ದ ನರಸಿಂಹ ದೊರೆ ಬೆಳಗೊಳಕ್ಕೆ ಬಂದು ಈ ಬಸದಿಯನ್ನು ಕಂಡು ಸವಣೇರು ಗ್ರಾಮವನ್ನು ದತ್ತಿ ಬಿಟ್ಟ. ಸಮ್ಯಕ್ತ್ವಚೂಡಾಮಣಿ ಎಂಬುದು ಹುಳ್ಳನ ಬಿರುದು. ಅದಕ್ಕೆ ಹೊಂದುವಂತೆ ದೊರೆ ಬಸದಿಗೆ ಭವ್ಯಚೂಡಾಮಣಿ ಎಂದು ಹೆಸರಿಟ್ಟ.

ಇಲ್ಲಿಯೇ 1368ರ ಬುಕ್ಕರಾಯನ ಶಾಸನವಿದೆ. ಶಾಲೆಯ ಪಠ್ಯದಲ್ಲಿ ಧಾರ್ಮಿಕ ಸೌಹಾರ್ದದ ಉದಾಹರಣೆಯಾಗಿ ಇದನ್ನು ಕೇಳಿದವರು ಬಹಳ ಮಂದಿ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಬಂದು, ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ವಿಜಯನಗರದ ಅರಸನಲ್ಲಿ ಬಿನ್ನವಿಸಿದರು. ಅರಸ ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಪಂಚಮಹಾಶಬ್ದ ಮತ್ತು ಕಳಶದ ಗೌರವ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕೆಂದು ಕಟ್ಟು ಮಾಡಿದ.

ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ಶಾಸನದ ಮುಂದಿನ ಭಾಗ ನಮಗೆ ಇನ್ನೂ ಹತ್ತಿರದ್ದು. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿ ಆಳುಗಳನ್ನಿಡಬೇಕು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು. ಇದನ್ನು ನಡೆಸುವ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ, ಅಂದರೆ ಶ್ರೀವೈಷ್ಣವ ಹಿರಿಯನೊಬ್ಬನಿಗೆ, ವಹಿಸಲಾಯಿತು.

ಗ್ರಾಮಗಳನ್ನೇ ದಾನ ಕೊಡುವ ಹೊಯ್ಸಳ ದಂಡನಾಯಕರ, ಭಂಡಾರಿಗಳ ಕಾಲ ಅಷ್ಟರಲ್ಲಿ ಮುಗಿದಿತ್ತು. ಆಗ ಕ್ಷೇತ್ರವನ್ನು ಕಾಯಲು ಕಂಡುಕೊಂಡ ದಾರಿ ಮನೆಗೆ ಒಂದು ಹಣ. ಸಿರಿವಂತನಿಗೂ ಬಡವನಿಗೂ ಒಂದೇ ಲೆಕ್ಕ, ಯಾವ ಮನೆಯೂ ಹೊರಗಲ್ಲ. ಈ ಶಾಸನದ ಮುಂದೆ ಮನೆಯ ಹಿರಿಯರು ಇಷ್ಟನ್ನು ಹೇಳಿದರೆ ಸಾಕು, ನಡಿಗೆ ಸಾರ್ಥಕ.

9. ಮಂಗಾಯಿ ಬಸದಿ

ಅಭಿನವ ಚಾರುಕೀರ್ತಿ ಪಂಡಿತಾಚಾರ್ಯರ ಶಿಷ್ಯೆ, ಬೆಳಗೊಳದ ಮಂಗಾಯಿ 1325ರ ಸುಮಾರಿಗೆ ಕಟ್ಟಿಸಿದ ಬಸದಿ ಇದು. ಮೂಲ ಹೆಸರು ತ್ರಿಭುವನಚೂಡಾಮಣಿ. ಮಂಗಾಯಿ ರಾಜನರ್ತಕಿ, ನರ್ತಕಿಯರಲ್ಲಿ ಚೂಡಾಮಣಿಯೆಂದು ಶಾಸನ ಅವಳನ್ನು ಹೊಗಳುತ್ತದೆ. ಮುಂದೆ ವಿಜಯನಗರದ ದೇವರಾಯನ ರಾಣಿ ಭೀಮಾದೇವಿ ಇಲ್ಲಿ ಶಾಂತಿನಾಥ ಸ್ವಾಮಿಯ ಬಿಂಬವನ್ನು ಪ್ರತಿಷ್ಠೆ ಮಾಡಿಸಿದಳು. ನರ್ತಕಿ ಕಟ್ಟಿಸಿದ ಬಸದಿಗೆ ರಾಣಿ ಬಿಂಬ ಕೊಟ್ಟಳು. ಬಸದಿಯ ಮುಂದಿನ ಎರಡು ಕಲ್ಲಿನ ಆನೆಗಳು ಮಕ್ಕಳಿಗೆ ಪ್ರಿಯ, ಹತ್ತಿಸದೆ ತೋರಿಸಿ.

ಗೇರುಸೊಪ್ಪೆಯಿಂದ ಬಂದ ಗುಮ್ಮಟಣ್ಣ ಎಂಬ ಶ್ರಾವಕ ಈ ಬಸದಿಯನ್ನೂ ಇನ್ನು ಕೆಲವು ಬಸದಿಗಳನ್ನೂ ದುರಸ್ತಿ ಮಾಡಿಸಿ ಆಹಾರದಾನಕ್ಕೆ ಏರ್ಪಾಡು ಮಾಡಿದನೆಂದು ಇಲ್ಲಿಯ ಶಾಸನವೊಂದು ತಿಳಿಸುತ್ತದೆ. ಘಟ್ಟದ ಕೆಳಗಿನ ಊರಿನಿಂದ ಬಂದವನು ಹೊಸ ಬಸದಿ ಕಟ್ಟಿಸಿ ತನ್ನ ಹೆಸರಿಡಲಿಲ್ಲ, ಇದ್ದದ್ದನ್ನು ಉಳಿಸಿದ. ಅವನ ಹೆಸರೂ ಉಳಿಯಿತು.

10. ಜೈನ ಮಠ ಮತ್ತು ಕಲ್ಯಾಣಿ

ಚಾರುಕೀರ್ತಿ ಭಟ್ಟಾರಕ ಪರಂಪರೆಯ ಶ್ರೀಮಠ ಭಂಡಾರಿ ಬಸದಿಯ ಹತ್ತಿರದಲ್ಲೇ ಇದೆ. ಗೋಡೆಗಳ ವರ್ಣಚಿತ್ರಗಳಲ್ಲಿ ಪಾರ್ಶ್ವನಾಥ ಸ್ವಾಮಿಯ ಸಮವಸರಣ, ಭರತ ಚಕ್ರವರ್ತಿ ಮತ್ತು ನಾಗಕುಮಾರನ ಕಥೆಗಳು, ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು ಇವೆ. ಷಟ್ಲೇಶ್ಯೆಯ ಮರದ ಚಿತ್ರವನ್ನು ತಪ್ಪದೆ ತೋರಿಸಿ. ಹಣ್ಣಿಗಾಗಿ ಒಬ್ಬ ಮರವನ್ನೇ ಬುಡಸಹಿತ ಕಡಿಯಲು ಹೊರಡುತ್ತಾನೆ. ಮುಂದಿನವರು ಕೊಂಬೆ, ರೆಂಬೆ, ಗೊಂಚಲು ಎಂದು ಕಡಿಮೆ ಮಾಡುತ್ತಾ ಬರುತ್ತಾರೆ. ಆರನೆಯವನು ನೆಲಕ್ಕೆ ಬಿದ್ದ ಹಣ್ಣಿನಿಂದಲೇ ತೃಪ್ತನಾಗುತ್ತಾನೆ. ಚಿತ್ರದ ಮುಂದೆ ನಿಲ್ಲಿಸಿ ನೀನು ಇವರಲ್ಲಿ ಯಾರು ಎಂದು ಕೇಳಿದರೆ ಮಕ್ಕಳೇ ಉತ್ತರ ಹುಡುಕುತ್ತಾರೆ.

ನಡಿಗೆಯನ್ನು ಕಲ್ಯಾಣಿಯ ದಡದಲ್ಲಿ ಮುಗಿಸಿ. ಬೆಳ್ ಎಂದರೆ ಬಿಳಿ, ಕೊಳ ಎಂದರೆ ಸರೋವರ. ಊರಿನ ಹೆಸರೇ ಈ ನೀರಿನಿಂದ ಬಂದದ್ದೆನ್ನುತ್ತಾರೆ. ಇಂದಿನ ಮೆಟ್ಟಿಲು, ಗೋಡೆ, ಗೋಪುರಗಳ ಕೆಲಸವನ್ನು ಚಿಕ್ಕದೇವರಾಜ ಒಡೆಯರು ಆರಂಭಿಸಿದರು. ಅವರ ಕಾಲದಲ್ಲಿ ಮುಗಿಯದ್ದನ್ನು ಮೊಮ್ಮಗ ಕೃಷ್ಣರಾಜ ಒಡೆಯರು ಪೂರ್ತಿ ಮಾಡಿಸಿದರು.

ಸಮಯವಿದ್ದರೆ: ಜಿನನಾಥಪುರ

ಚಿಕ್ಕಬೆಟ್ಟದ ಉತ್ತರಕ್ಕೆ ಜಿನನಾಥಪುರ ಎಂಬ ಹಳ್ಳಿಯಿದೆ. ಇದನ್ನು ನೆಲೆಗೊಳಿಸಿದವನೂ ಗಂಗರಾಜನೇ. ಇಲ್ಲಿಯ ಶಾಂತಿನಾಥ ಬಸದಿಯನ್ನು ದಂಡನಾಯಕ ರೇಚಿಮಯ್ಯ 1200ರ ಸುಮಾರಿಗೆ ಕಟ್ಟಿಸಿದ. ಹೊರಗೋಡೆಗಳ ತುಂಬ ಜಿನರು, ಯಕ್ಷ ಯಕ್ಷಿಯರು, ನರ್ತಕಿಯರು ಇದ್ದಾರೆ. ಸುತ್ತಮುತ್ತಲಿನ ಬಸದಿಗಳಲ್ಲಿ ಹೊರಗೋಡೆಯ ಶಿಲ್ಪಕ್ಕೆ ಇದಕ್ಕೆ ಸಾಟಿಯಿಲ್ಲ. ಗದ್ದಲವಿಲ್ಲದ ಜಾಗ.

ದೊಡ್ಡಬೆಟ್ಟ ಹತ್ತುವಾಗ

ಈ ನಡಿಗೆ ಮುಗಿಸಿದ ಮೇಲೆ ದೊಡ್ಡಬೆಟ್ಟವನ್ನು ಹತ್ತಿದರೆ ಅಲ್ಲಿಯ ಶಾಸನಗಳೂ ಬೇರೆಯಾಗಿ ಕಾಣುತ್ತವೆ. 58 ಅಡಿಯ ಸ್ವಾಮಿಯ ಮುಂದೆ ನಿಂತಾಗ ಚಾವುಂಡರಾಯನ ಹೆಸರು ಮೊದಲು ನೆನಪಾಗುತ್ತದೆ. ಆದರೆ ಸುತ್ತಲಿನ ಕಲ್ಲುಗಳಲ್ಲಿ 13ನೇ ಶತಮಾನದ ಸಾಮಾನ್ಯ ಶ್ರಾವಕರ ಬರಹಗಳಿವೆ. ಇಷ್ಟು ಗದ್ಯಾಣವನ್ನು ಇಡಿಗಂಟಾಗಿ ಇಟ್ಟು, ಅದರ ಬಡ್ಡಿಯಿಂದ ಸ್ವಾಮಿಯ ನಿತ್ಯಾಭಿಷೇಕಕ್ಕೆ ಇಷ್ಟು ಮಾನ ಹಾಲು ನಡೆಯಬೇಕೆಂದು ಅವರು ಬರೆಸಿದ್ದಾರೆ. ಗುಳ್ಳಕಾಯಜ್ಜಿಯ ಕಥೆ ಹೇಳುವುದೂ ಇದನ್ನೇ. ದೊಡ್ಡವರ ಕೊಡಗಳಿಂದ ಪೂರ್ತಿಯಾಗದ ಅಭಿಷೇಕ ಅಜ್ಜಿಯ ಗುಳ್ಳಕಾಯಿಯಷ್ಟು ಹಾಲಿನಿಂದ ಪೂರ್ತಿಯಾಯಿತು.

ಕುಟುಂಬಗಳಿಗೆ ಕೆಲವು ಸೂಚನೆಗಳು

ಊರು ಬೆಂಗಳೂರಿನಿಂದ ಸುಮಾರು 145 ಕಿ.ಮೀ., ಚನ್ನರಾಯಪಟ್ಟಣದಿಂದ ಸುಮಾರು 12 ಕಿ.ಮೀ. ಬೆಂಗಳೂರು-ಹಾಸನ ರೈಲು ಮಾರ್ಗದಲ್ಲಿ ಶ್ರವಣಬೆಳಗೊಳ ನಿಲ್ದಾಣವಿದೆ.

ಚಪ್ಪಲಿ ಕೆಳಗೇ ಬಿಡಬೇಕು. ಹಿರಿಯರು ಮತ್ತು ಮಕ್ಕಳಿಗೆ ದಪ್ಪ ಕಾಲುಚೀಲ, ಟೋಪಿ, ಕುಡಿಯುವ ನೀರು ಜೊತೆಗಿರಲಿ. ಬಾಟಲಿ, ಪೊಟ್ಟಣಗಳನ್ನು ಬೆಟ್ಟದ ಮೇಲೆ ಬಿಡಬೇಡಿ.

ಕತ್ತಲೆ ಬಸದಿಯಂಥ ಕಡೆ ಕೈದೀಪ ಬೇಕಾಗುತ್ತದೆ. ಬಿಂಬಗಳ ಮೇಲೆ ಬೆಳಕು ಹಾಯಿಸುವ ಮತ್ತು ಫೋಟೋ ತೆಗೆಯುವ ಮೊದಲು ಪುರೋಹಿತರ ಅನುಮತಿ ಕೇಳಿ.

ಶಾಸನಗಳ ಮೇಲೆ ಅರಿಸಿನ, ಕುಂಕುಮ, ಎಣ್ಣೆ, ಸೀಮೆಸುಣ್ಣ ಹಚ್ಚಬೇಡಿ. ಅಕ್ಷರ ಚೆನ್ನಾಗಿ ಕಾಣಬೇಕಾದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ.

ಮಾರ್ಗದರ್ಶಿಯನ್ನು ಕರೆದೊಯ್ದರೆ ಊರಿನ ಬಸದಿಗಳನ್ನೂ ತೋರಿಸಬೇಕೆಂದು ಮೊದಲೇ ಹೇಳಿ. ಇಲ್ಲವಾದರೆ ಮನೆಯ ಒಬ್ಬೊಬ್ಬರು ಒಂದೊಂದು ಬಸದಿಯ ವಿವರ ಓದಿಕೊಂಡು ಬಂದು ಅಲ್ಲಿ ಹೇಳಲಿ. ಅಜ್ಜ ಅಜ್ಜಿ ಕಥೆಗಳನ್ನೂ ಮಕ್ಕಳು ಇಸವಿಗಳನ್ನೂ ವಹಿಸಿಕೊಂಡರೆ ನಡಿಗೆ ಬೇಸರವಾಗುವುದಿಲ್ಲ.

ಊರಿಗೆ ಮರಳಿದ ಮೇಲೆ ನಿಮ್ಮ ಊರಿನ ಬಸದಿಯ ಮುಂದೆಯೂ ಒಮ್ಮೆ ಅದೇ ಮೂರು ಪ್ರಶ್ನೆಗಳನ್ನು ಕೇಳಿ. ಕಟ್ಟಿಸಿದವರು ಯಾರು, ಯಾರಿಗಾಗಿ, ಮುಂದಕ್ಕೆ ಏನು ಏರ್ಪಾಡು. ಶಾಸನವಿದ್ದರೆ ಅದರ ಸ್ಥಿತಿ ಹೇಗಿದೆ, ಸುಣ್ಣದ ಕೆಳಗೆ ಮುಚ್ಚಿಹೋಗಿದೆಯೇ, ಹೊಸ ಕಲ್ಲುಹಾಸಿನ ಅಡಿ ಸೇರಿದೆಯೇ ನೋಡಿ, ಆಡಳಿತ ಮಂಡಳಿಯ ಗಮನಕ್ಕೆ ತನ್ನಿ. ಮನೆಗೆ ಒಂದು ಹಣದ ಲೆಕ್ಕ ಆರೂವರೆ ಶತಮಾನದ ಹಿಂದೆ ಬೆಳಗೊಳವನ್ನು ಕಾಯಿತು. ಇಂದಿಗೂ ಅನೇಕ ಹಳ್ಳಿಗಳ ಬಸದಿಗಳಿಗೆ ಅಷ್ಟೇ ಸಾಕು.